ಮೂವತ್ತೊಂದಕ್ಕೇ ಮುಟ್ಟು ನಿಂತರೆ

ನನಗೆ ಮುಟ್ಟು ನಿಂತಾಗ 31 ವರ್ಷ. ತವರು ಅರಸೀಕೆರೆ ತಾಲ್ಲೂಕು, ಗಂಡನ ಮನೆ ಹಳೇಬೀಡಿನ ಹತ್ತಿರದ ಹಳ್ಳಿ. ಎರಡೂ ಕಡೆ ಈ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ತಿಂಗಳು ತಪ್ಪಿದಾಗ ಮನೆಯಲ್ಲಿ ಎಲ್ಲರಿಗೂ ಖುಷಿ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಕಿಟ್ ತಂದು ನೋಡಿದರೆ ಒಂದೇ ಗೆರೆ. ನಾಲ್ಕು ತಿಂಗಳಾದರೂ ಮುಟ್ಟಾಗಲಿಲ್ಲ. ಮಾಗಿ ಚಳಿಯಲ್ಲೂ ನಡುರಾತ್ರಿ ಮೈಯೆಲ್ಲ ಬಿಸಿಯಾಗಿ ಬೆವರುತ್ತಿದ್ದೆ. ಮೊದಲು ತೋರಿಸಿದ ಕಡೆ 'ರಕ್ತ ಕಡಿಮೆ, ಟೆನ್ಷನ್ ಮಾಡ್ಕೋಬೇಡಿ' ಎಂದು ಟಾನಿಕ್ ಕೊಟ್ಟರು. ಅವ್ವ ಮಾಲೇಕಲ್ ತಿರುಪತಿಗೆ ಹರಕೆ ಹೊತ್ತಳು. ಅತ್ತೆ ಪಕ್ಕದ ಮನೆಯವರ ಹತ್ತಿರ 'ನಮ್ಮ ಹುಡುಗನಿಗೆ ಇನ್ನೂ ವಯಸ್ಸಿದೆ' ಅಂದದ್ದು ಕಿವಿಗೆ ಬಿತ್ತು.

ಕೊನೆಗೆ ಹಾಸನಕ್ಕೆ ಹೋದೆವು. ಡಾಕ್ಟರಮ್ಮ ರಕ್ತದಲ್ಲಿ ಎಫ್‌ಎಸ್‌ಎಚ್ ಎಂಬ ಹಾರ್ಮೋನು ನೋಡಿಸಿದರು, ತಿಂಗಳು ಬಿಟ್ಟು ಇನ್ನೊಮ್ಮೆ. ಅಂಡಾಶಯ ಸೋತಾಗ ಇದು ಏರುತ್ತದೆ. ನನ್ನದು ಎರಡು ಸಲವೂ ಏರಿತ್ತು. 40 ವರ್ಷ ತುಂಬುವ ಮೊದಲೇ ಹೀಗಾಗುವುದು ನೂರು ಹೆಂಗಸರಲ್ಲಿ ಒಬ್ಬರಿಗಾದರೂ ಇದೆ.

ಆಮೇಲೆ ಅವರು ಕೇಳಿದ್ದು ವಿಚಿತ್ರ ಅನ್ನಿಸಿತು. 'ಥೈರಾಯ್ಡ್ ಇದೆಯೇನಮ್ಮ? ಸಕ್ಕರೆ ಕಾಯಿಲೆ? ಉಪ್ಪು ತಿನ್ನೋ ಆಸೆ ಜಾಸ್ತಿ ಆಗಿದೆಯಾ? ಮೈ ಕಪ್ಪಾಗ್ತಿದೆಯಾ?' ಥೈರಾಯ್ಡ್ ಮಾತ್ರೆಯನ್ನು ನಾನು 26ರಿಂದಲೇ ನುಂಗುತ್ತಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಸಂಬಂಧ ಇದೆ. ರೋಗಾಣುಗಳಿಂದ ನಮ್ಮನ್ನು ಕಾಯುವ ಶಕ್ತಿ ಕೆಲವರಲ್ಲಿ ದಾರಿ ತಪ್ಪಿ ತಮ್ಮದೇ ಅಂಗದ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಥೈರಾಯ್ಡ್ ಮೇಯ್ದ ಬೇಲಿ ಕೆಲವೊಮ್ಮೆ ಅಂಡಾಶಯಕ್ಕೂ ನುಗ್ಗುತ್ತದೆ. ಅದನ್ನು ಖಚಿತವಾಗಿ ತೋರಿಸುವ ರಕ್ತಪರೀಕ್ಷೆ ಇನ್ನೂ ಇಲ್ಲ. ಜೊತೆಗಿರುವ ಕಾಯಿಲೆಗಳನ್ನು ನೋಡಿ ಅಂದಾಜು ಮಾಡುತ್ತಾರೆ. ವಂಶವಾಹಿ ದೋಷ, ಕ್ಯಾನ್ಸರ್ ಚಿಕಿತ್ಸೆ, ಅಂಡಾಶಯದ ಆಪರೇಷನ್ನಿನಿಂದಲೂ ಹೀಗಾಗಬಹುದು. ಬಹಳ ಮಂದಿಗೆ ಕಾರಣ ಸಿಗುವುದೇ ಇಲ್ಲ.

ಡಾಕ್ಟರಮ್ಮನ ಭಯ ಬೇರೆಯೇ ಇತ್ತು. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೂ ಇದೇ ದಾಳಿ ಆಗಬಹುದು. ಆ ಕಾಯಿಲೆಯನ್ನು 1855ರಲ್ಲಿ ಇಂಗ್ಲೆಂಡಿನ ಥಾಮಸ್ ಅಡಿಸನ್ ವಿವರಿಸಿದರು, ಹೆಸರೂ ಅವರದ್ದೇ. ವಿಪರೀತ ಸುಸ್ತು, ತೂಕ ಇಳಿಯುವುದು, ಬಿಪಿ ಕಡಿಮೆಯಾಗಿ ತಲೆ ಸುತ್ತುವುದು, ಅಂಗೈ ಗೆರೆ ಮತ್ತು ಒಸಡು ಕಪ್ಪಾಗುವುದು ಇದರ ಗುರುತು. ಗೊತ್ತಾಗದೆ ಉಳಿದರೆ ಒಂದು ಜ್ವರ, ವಾಂತಿಯೇ ಜೀವಕ್ಕೆ ಕುತ್ತಾಗಬಹುದು. ಗೊತ್ತಾದರೆ ಮಾತ್ರೆಯಲ್ಲಿ ಬದುಕಬಹುದು. ಅದಕ್ಕೊಂದು ಆಂಟಿಬಾಡಿ ಪರೀಕ್ಷೆ ಇದೆ. ನನಗೆ ಮಾಡಿಸಿದರು, ಏನೂ ಬರಲಿಲ್ಲ.

ಈಗ ದಿನಾ ಹಾರ್ಮೋನು ಮಾತ್ರೆ ತಗೋತೀನಿ. ಮುಟ್ಟು ಬರಲಿ ಅಂತ ಮಾತ್ರ ಅಲ್ಲ; ಈಸ್ಟ್ರೋಜನ್ ಇಲ್ಲದಿದ್ದರೆ ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೂ ತೊಂದರೆ. ಬೇರೆ ಅಡ್ಡಿ ಇಲ್ಲದಿದ್ದರೆ ಸುಮಾರು 50 ವರ್ಷದವರೆಗೆ ತಗೋಬೇಕು. 'ಗರ್ಮಿ ಮಾತ್ರೆ, ಬಿಟ್ಟುಬಿಡು' ಎಂದವರು ಬಹಳ. ನಾನು ಬಿಟ್ಟಿಲ್ಲ.

ಮಗು? ಅಂಡಾಶಯ ಆಗೊಮ್ಮೆ ಈಗೊಮ್ಮೆ ಎಚ್ಚರವಾಗಿ ನೂರರಲ್ಲಿ ಐದರಿಂದ ಹತ್ತು ಮಂದಿ ತಾವಾಗಿಯೇ ಬಸುರಾಗುತ್ತಾರೆ. ಉಳಿದವರಿಗೆ ದಾನಿಯ ಅಂಡಾಣು ಅಥವಾ ದತ್ತು. ನಾವಿನ್ನೂ ತೀರ್ಮಾನ ಮಾಡಿಲ್ಲ. ಅತ್ತೆಯನ್ನು ಕೂರಿಸಿಕೊಂಡು ಡಾಕ್ಟರಮ್ಮನೇ ಎಲ್ಲ ಹೇಳಿದ ಮೇಲೆ ಮನೆಯಲ್ಲಿ ಆ ಮಾತು ಮತ್ತೆ ಬಂದಿಲ್ಲ.

ನಿಮ್ಮ ಮನೆಯಲ್ಲಿ 40 ದಾಟದ ಹೆಣ್ಣುಮಗಳಿಗೆ ಮೂರ್ನಾಲ್ಕು ತಿಂಗಳು ಮುಟ್ಟು ನಿಂತು, ಬಸುರೂ ಅಲ್ಲ ಎಂದಾದರೆ ಟಾನಿಕ್ಕಿಗೆ ಸುಮ್ಮನಾಗಬೇಡಿ. ಎಫ್‌ಎಸ್‌ಎಚ್ ಮತ್ತು ಥೈರಾಯ್ಡ್ ನೋಡಿಸಿ. ಜೊತೆಗೆ ಸುಸ್ತು, ಮೈ ಕಪ್ಪಾಗುವುದು ಇದ್ದರೆ ಅಡ್ರಿನಲ್ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ಅವಳನ್ನು ಬಂಜೆ ಅನ್ನಬೇಡಿ. ಅವಳಿಗೆ ಬಂದಿರುವುದು ಕಾಯಿಲೆ, ಶಾಪವಲ್ಲ.