ಹಂಚಿನ ಸಂದಿಯ ಗ್ರಹಣ

ನವೆಂಬರ್ 28, 2019, ಗುರುವಾರ

ಕಣ್ವತೀರ್ಥದ ಕಡಲ ಬದಿಯಲ್ಲಿ ಗ್ರಹವೀಕ್ಷಣೆ. ದೂರದರ್ಶಕ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಗೆಳೆಯರದ್ದು, ಮಕ್ಕಳು ನಮ್ಮ ಶಾಲೆಯವರು. ಜೊತೆಗೆ ಬಲೆ ಹೆಣೆಯುತ್ತಿದ್ದವರು, ಗಾಳಿಗೆ ಬಂದು ಕೂತವರು, ಕಡಲೆ ಮಾರುವವನು. ಸೂರ್ಯ ಮುಳುಗಿದ್ದೇ ತಡ, ಎರಡು ದಿನದ ಎಳೆ ಚಂದ್ರ ಕಾಣಿಸಿಕೊಂಡ. ಅವನಿಗೆ ತಾಗಿದಂತೆ ಗುರು, ತುಸು ಮೇಲೆ ಶುಕ್ರ, ಇನ್ನೂ ಮೇಲೆ ಮಂಕಾಗಿ ಶನಿ. ಸುಣ್ಣ ಬಳಿದ ಹಾಗಿದ್ದ ಶುಕ್ರನನ್ನು ಯಾರಿಗೂ ತೋರಿಸಿಕೊಡಬೇಕಾಗಲಿಲ್ಲ.

ಶನಿಯ ಬಳೆ ಕಂಡಾಗ ಮಕ್ಕಳು ಕೂಗಿಕೊಂಡರು. ದೊಡ್ಡವರು ಕೂಗಲಿಲ್ಲ, ಅನುಮಾನಪಟ್ಟರು. ಬಲೆಯ ಕೆಲಸ ಬಿಟ್ಟು ಬಂದ ಒಬ್ಬರು ಕಣ್ಣಿಟ್ಟು ನೋಡಿ, ತಲೆಯೆತ್ತಿ, "ಇದು ಒಳಗೆ ಚಿತ್ರ ಅಂಟಿಸಿದ್ದಲ್ವಾ ಮಾಷ್ಟ್ರೇ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕೊಳವೆಯ ಮುಂದುಗಡೆ ಅಂಗೈ ಅಡ್ಡ ಹಿಡಿದು ಇನ್ನೊಮ್ಮೆ ನೋಡಿದರು. ಶನಿ ಮಾಯ. ಕೈ ತೆಗೆದರೆ ಮತ್ತೆ ಶನಿ. ಆಮೇಲೆ ತಾವೇ ಹೋಗಿ ಉಳಿದವರನ್ನು ಕರೆತಂದರು. ಇಡೀ ಸಂಜೆಯಲ್ಲಿ ನಡೆದ ಒಂದೇ ಒಂದು ಪ್ರಯೋಗ ಅದು. ಮಾಡಿದ್ದು ನಾವಲ್ಲ.

ಏಳೂವರೆ ಸುಮಾರಿಗೆ ಚಂದ್ರನೂ ಗುರುವೂ ಕಡಲಿಗಿಳಿದರು. ಬಸ್ಸು ತಪ್ಪಿತು, ಆಟೊಗೆ ನೂರಿಪ್ಪತ್ತು.

ಡಿಸೆಂಬರ್ 8, ಭಾನುವಾರ

ಪದವಿನ ನಡಿಗೆ. ಮಳೆಗಾಲದಲ್ಲಿ ಇದೇ ಮುರಕಲ್ಲ ಬಯಲು ನೀಲಿ ಹಳದಿ ಹೂಗಳ ಹಾಸಾಗಿರುತ್ತದೆ. ಈಗ ಹುಲ್ಲು ಕೆಂಚಗಾಗಿದೆ, ಕಾಲಿನಡಿ ಕಲ್ಲು ಕಾದಿದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮ ಕಾಸರಗೋಡು. ಆದರೂ ಏಪ್ರಿಲಿನಲ್ಲಿ ನೀರಿಗೆ ಪರದಾಟ. ಮುರಕಲ್ಲು ರಂಧ್ರಮಯ, ಕುಡಿದದ್ದನ್ನೆಲ್ಲ ಕೆಳಕ್ಕೆ ಇಳಿಸಿಬಿಡುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಹತ್ತನೆಯವರು ಬರೆದುಕೊಳ್ಳುತ್ತಿದ್ದರು, ಎಂಟನೆಯವರು ಕಲ್ಲೆಸೆಯುತ್ತಿದ್ದರು.

ನೀರಿಗಾಗಿ ಗುಡ್ಡದಲ್ಲಿ ತೋಡಿದ ಸುರಂಗದ ಬಾಯಿಗೆ ಬಂದ ಮೇಲೆ ನನ್ನ ಪಾಠ ಮುಗಿಯಿತು. ಅಲ್ಲಿಂದ ಮುಂದೆ ಮಾತಾಡಿದ್ದು ಸುರಂಗ ತೋಡುವುದರಲ್ಲೇ ತಲೆ ನರೆತ ಅಜ್ಜ. ಗುಡ್ಡದ ಯಾವ ಮಗ್ಗುಲು ಕಡುಬೇಸಿಗೆಯಲ್ಲೂ ಹಸಿರಾಗಿರುತ್ತದೆ ಎಂದು ಮೊದಲು ನೋಡಬೇಕು. ಬಾವಿಯ ಹಾಗೆ ಕೆಳಕ್ಕಲ್ಲ, ಅಡ್ಡಕ್ಕೆ ತೋಡಬೇಕು. ನೆಲ ಒಳಗಿನಿಂದ ಹೊರಕ್ಕೆ ತುಸು ಇಳಿಜಾರಾಗಿರಬೇಕು, ಆಗ ನೀರು ಪಂಪಿಲ್ಲದೆ ತಾನಾಗಿ ಬರುತ್ತದೆ. ಉದ್ದದ ಲೆಕ್ಕ ಕೋಲಿನಲ್ಲಿ, ಕೋಲೆಂದರೆ ಎರಡೂವರೆ ಅಡಿ. ಕೆಲಸ ಮಾಡುವಾಗ ಬದಿಯಲ್ಲಿ ಕ್ಯಾಂಡಲು ಉರಿಯುತ್ತಿರಬೇಕು. "ಬೆಂಕಿ ಸಣ್ಣದಾದರೆ ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಓಡುವುದು. ಪಿಕ್ಕಾಸು ನಾಳೆಯೂ ಅಲ್ಲೇ ಇರ್ತದೆ, ನಾವಿರುವುದಿಲ್ಲ" ಎಂದರು.

ಆಮ್ಲಜನಕ, ದಹನಕ್ರಿಯೆ ಎಂದು ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವುದು ಇದನ್ನೇ. ಕಲ್ಲೆಸೆಯುತ್ತಿದ್ದವರೆಲ್ಲ ಈಗ ಎದುರಿನ ಸಾಲಿಗೆ ಬಂದಿದ್ದರು. ಬಾವಲಿ ಉಂಟಾ, ಹಾವು ಉಂಟಾ, ನೀರು ಸಿಗದಿದ್ದರೆ ಕೂಲಿ ಕೊಡ್ತಾರಾ. ಕೊನೆಯ ಪ್ರಶ್ನೆಗೆ ಅಜ್ಜ ತುಂಬ ಹೊತ್ತು ನಕ್ಕರು. ಉತ್ತರ ಮಾತ್ರ ಹೇಳಲಿಲ್ಲ.

ಡಿಸೆಂಬರ್ 15, ಭಾನುವಾರ

ಇದೇ 26ರ ಕಂಕಣ ಸೂರ್ಯಗ್ರಹಣಕ್ಕೆ ಮುನ್ನ ಇವತ್ತು ಹಾಲ್‌ನೊಳಗಿನ ಕಾರ್ಯಕ್ರಮ. 'ಗ್ರಹಣ ಮತ್ತು ವೈಜ್ಞಾನಿಕ ಮನೋಭಾವ'. ಹೊರಗಿನಿಂದ ಬಂದ ತಜ್ಞರು, ಹೆಸರು ಇಲ್ಲಿ ಬೇಡ. ಪ್ರಾರ್ಥನೆ, ದೀಪ, ಶಾಲು, ಸ್ವಾಗತ ಮುಗಿಯುವಾಗಲೇ ಮುಕ್ಕಾಲು ಗಂಟೆ. ಆಮೇಲೆ ಇಂಗ್ಲಿಷ್ ಸ್ಲೈಡುಗಳು. ಗ್ರಹಣದ ಹೊತ್ತು ಊಟ ಬಿಡುವವರನ್ನು ಗೇಲಿ ಮಾಡಿದರು. ಎದುರಿಗೆ ಕೂತಿದ್ದವರಲ್ಲಿ ಅರ್ಧದಷ್ಟು ಜನ ಊಟ ಬಿಡುವವರೇ. ನಗೆ ಏಳಲಿಲ್ಲ.

ಪ್ರಶ್ನೆಗೆಂದು ಉಳಿದದ್ದು ಐದು ನಿಮಿಷ. ಎಣ್ಮಕಜೆ ಕಡೆಯ ಹೆಂಗಸೊಬ್ಬರು ಎದ್ದು ನಿಂತು, ಗ್ರಹಣದ ಬೆಳಕಿನಿಂದ ಕೆಡುಕಿಲ್ಲ ಎಂದು ಹೇಳುತ್ತೀರಿ, ಗೇರುತೋಟದ ಮದ್ದಿನಿಂದಲೂ ಕೆಡುಕಿಲ್ಲ ಎಂದು ನಿಮ್ಮವರೇ ಹೇಳಿದ್ದರಲ್ಲ ಎಂದು ಕೇಳಿದರು. ತುಳುವಿನಲ್ಲಿ ಕೇಳಿದ್ದು. ಯಾರೋ ಇಂಗ್ಲಿಷಿಗೆ ತಿರುಗಿಸಿದರು. ತಜ್ಞರು "ಅದು ಬೇರೆ ವಿಷಯ" ಎಂದು ಮೈಕು ಕೆಳಗಿಟ್ಟರು.

ಬೇರೆ ವಿಷಯವೇನಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟದ ಕೆಳಗೇ ಮನೆಗಳು, ತೋಡುಗಳು, ಸುರಂಗಗಳು. ಕೈಕಾಲು ಬಾರದ, ತಲೆ ಊದಿದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಎಷ್ಟು ಕಚೇರಿ ಹತ್ತಿಳಿದರು! ಒಂದು ಸಮಿತಿ ಸಂಬಂಧ ಉಂಟು ಎಂದಿತು, ಇನ್ನೊಂದು ಇಲ್ಲ ಎಂದಿತು. ದೇಶಕ್ಕೇ ನಿಷೇಧ ಬಂದದ್ದು 2011ರಲ್ಲಿ, ಸುಪ್ರೀಂ ಕೋರ್ಟಿನಿಂದ. ಕೋಟು ಹಾಕಿಕೊಂಡು ಬಂದು 'ಹೆದರಬೇಡಿ' ಎನ್ನುವವರನ್ನು ಈ ಊರಿನ ಜನ ಸುಮ್ಮನೆ ನಂಬುವುದಿಲ್ಲ. ಅದಕ್ಕೆ ಮೂಢನಂಬಿಕೆ ಎಂದು ಹೆಸರಿಡಲು ನಾನು ತಯಾರಿಲ್ಲ. ಗೊತ್ತಿಲ್ಲ ಎಂದಿದ್ದರೂ ಆ ಹೆಂಗಸು ಕೂತುಕೊಳ್ಳುತ್ತಿದ್ದರು. 'ಬೇರೆ ವಿಷಯ' ಎಂದದ್ದಕ್ಕೆ ಎದ್ದು ಹೋದರು.

ಡಿಸೆಂಬರ್ 20, ಶುಕ್ರವಾರ

ಮಂಗಳೂರಿನಲ್ಲಿ ಕರ್ಫ್ಯೂ. ನಿನ್ನೆ ಗೋಲಿಬಾರು, ಇಬ್ಬರು ತೀರಿಕೊಂಡರು. ಗ್ರಹಣದ ಕನ್ನಡಕ ತರಲು ಹೋಗುವುದು ನಿಂತಿತು. ಫೋನಿನಲ್ಲಿ ಕಾಸರಗೋಡಿನ ಗೆಳೆಯರ ಹತ್ತಿರ ಕೇಳಿದ್ದೇನೆ. ವೆಲ್ಡಿಂಗಿನವನ ಹತ್ತಿರ 14ನೇ ನಂಬರಿನ ಗಾಜು ಉಂಟಂತೆ. ಎಕ್ಸ್‌ರೇ ಫಿಲ್ಮು ತರಬಾರದು ಎಂದು ಮಕ್ಕಳಿಗೆ ಹತ್ತು ಸಲ ಹೇಳಿಯಾಗಿದೆ.

ಡಿಸೆಂಬರ್ 26, ಗುರುವಾರ

ಕ್ರಿಸ್ಮಸ್ ರಜೆ. ಆದರೂ ಬೆಳಗ್ಗೆ ಏಳೂವರೆಗೇ ಶಾಲೆಯ ಬಯಲು ತುಂಬಿತು. ನಮ್ಮ ಜಿಲ್ಲೆಯ ತೆಂಕಣ ತುದಿ ಚೆರುವತ್ತೂರು ಕಂಕಣದ ನಡುರೇಖೆಯ ಮೇಲೆಯೇ ಇದ್ದದ್ದರಿಂದ ದೊಡ್ಡ ದೊಡ್ಡ ಕ್ಯಾಮರಾಗಳೆಲ್ಲ ಅಲ್ಲಿಗೆ ಹೋಗಿದ್ದವು. ನಮ್ಮಲ್ಲಿ ಇದ್ದದ್ದು ಕಾಸರಗೋಡಿನಿಂದ ಬಂದ ಕನ್ನಡಕಗಳು, ವೆಲ್ಡಿಂಗ್ ಗಾಜು, ದೂರದರ್ಶಕದಿಂದ ಬಿಂಬ ಬೀಳಿಸಲು ಬಿಳಿ ರಟ್ಟು. ಮೋಡ ಇರಲಿಲ್ಲ.

ಎಂಟು ದಾಟಿ ನಾಲ್ಕು ನಿಮಿಷಕ್ಕೆ ಸ್ಪರ್ಶ. ಒಂದು ಗಂಟೆ ಕಳೆಯುವಷ್ಟರಲ್ಲಿ ಬಿಸಿಲಿಗೆ ಒಂಥರಾ ಬೇರೆ ಬಣ್ಣ. ಸಂಜೆಯದಲ್ಲ, ಮೋಡ ಕವಿದದ್ದೂ ಅಲ್ಲ, ದೀಪದ ಬತ್ತಿ ಇಳಿಸಿದಂಥದ್ದು. ನೆರಳುಗಳ ಅಂಚು ಕತ್ತರಿಸಿಟ್ಟಷ್ಟು ಚೂಪು. ಬಿಸಿಲಲ್ಲಿ ನಿಂತವರಿಗೂ ತೋಳು ತಣ್ಣಗಾಯಿತು. ಒಂಬತ್ತು ಇಪ್ಪತ್ತೈದರ ಸುಮಾರಿಗೆ ಉಂಗುರ. ಎರಡೂವರೆ ನಿಮಿಷದಷ್ಟು ಹೊತ್ತು. ಅಷ್ಟರೊಳಗೆ ಎಲ್ಲರ ಕಣ್ಣಿಗೂ ಕನ್ನಡಕ ಸಿಗಬೇಕೆಂದು ನಾನು ಓಡಾಡಿದ್ದೇ ಹೆಚ್ಚು. ಹಲಸಿನ ಮರದ ಕೆಳಗೆ ಎಲೆಗಳ ಸಂದಿನಿಂದ ನೂರಾರು ಉಂಗುರಗಳು ನೆಲದ ಮೇಲೆ ಬಿದ್ದದ್ದನ್ನು ಮೊದಲು ನೋಡಿದ್ದು ಕನ್ನಡಕಕ್ಕೆ ಸಾಲು ನಿಲ್ಲದ ಎರಡು ಪುಟ್ಟ ಮಕ್ಕಳು.

ಆಮೇಲೆ ಚಾ ಕುಡಿಯುತ್ತಾ ಎಂಟನೆಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಚಂದ್ರ ಪೂರ್ತಿ ಯಾಕೆ ಮುಚ್ಚಲಿಲ್ಲ?" ಚಂದ್ರ ದೂರ ಹೋಗಿರುತ್ತಾನೆ ಎನ್ನುವುದು ಪುಸ್ತಕದ ಉತ್ತರ. ಆದರೆ ಇವತ್ತು ಚಂದ್ರ ಅಷ್ಟೇನೂ ದೂರದಲ್ಲಿರಲಿಲ್ಲ, ಸೂರ್ಯನೇ ಹತ್ತಿರವಿದ್ದ. ಜನವರಿ 5ಕ್ಕೆ ಭೂಮಿ ವರ್ಷದಲ್ಲೇ ಸೂರ್ಯನಿಗೆ ಅತಿ ಸಮೀಪ, 14 ಕೋಟಿ 71 ಲಕ್ಷ ಕಿಲೋಮೀಟರ್ ಆಸುಪಾಸು. ಹಾಗಾಗಿ ಸೂರ್ಯನ ಬಿಂಬ ಕೂದಲೆಳೆಯಷ್ಟು ದೊಡ್ಡದು, ಚಂದ್ರನ ತಟ್ಟೆ ಸಾಲಲಿಲ್ಲ. ಹುಡುಗಿ ಬಿಡಲಿಲ್ಲ. "ಹತ್ತಿರ ಇದ್ರೆ ಮತ್ತೆ ಡಿಸೆಂಬರಲ್ಲಿ ಚಳಿ ಯಾಕೆ?" ಚಳಿಗೂ ದೂರಕ್ಕೂ ಸಂಬಂಧವಿಲ್ಲ, ಭೂಮಿಯ ಅಕ್ಷ 23.5 ಡಿಗ್ರಿ ಓರೆಯಾಗಿರುವುದೇ ಕಾರಣ ಎಂಬುದನ್ನು ಒಂದು ಮೂಸಂಬಿಗೆ ಕಡ್ಡಿ ಚುಚ್ಚಿ ತೋರಿಸುವುದರೊಳಗೆ ಗ್ರಹಣ ಮೋಕ್ಷವೇ ಆಯಿತು, ಹನ್ನೊಂದು ಗಂಟೆ.

ಮನೆಗೆ ಬಂದಾಗ ಅಮ್ಮ ಸ್ನಾನ ಮುಗಿಸಿ ಒಲೆ ಹಚ್ಚಿದ್ದಳು. ಗ್ರಹಣ ಬಿಡುವವರೆಗೆ ಹೊರಗೆ ಕಾಲಿಟ್ಟಿಲ್ಲ, ಬಾಗಿಲು ಕಿಟಕಿ ಮುಚ್ಚಿಕೊಂಡು ನಡುಕೋಣೆಯಲ್ಲಿ ಕೂತಿದ್ದಾಳೆ. ನಾನು ಕೇಳುವ ಮೊದಲೇ ಹೇಳಿದಳು, "ಬಳೆ ನಮ್ಮ ಮನೆಯೊಳಗೂ ಬಿತ್ತು ಮಗಾ." ಹಳೆಯ ಹಂಚಿನ ಮಾಡು ನಮ್ಮದು. ಮೂಡುಬದಿಯ ಎರಡು ಹಂಚು ಸರಿದು ಕಡಲೆಕಾಳಷ್ಟು ಸಂದಿಯಾಗಿದೆ. ಕೋಣೆ ಕತ್ತಲು. ಆ ಸಂದಿಯಿಂದ ಬಂದ ಬೆಳಕು ನೆಲದ ಮೇಲೆ ಉಂಗುರವಾಗಿ ಮೂಡಿದೆ, ಇವಳು ಕೂತಲ್ಲಿಂದಲೇ ಆದಿಯಿಂದ ಅಂತ್ಯದವರೆಗೆ ನೋಡಿದ್ದಾಳೆ. ಸೂಜಿರಂಧ್ರ ಕ್ಯಾಮರಾ! ನಾವು ಬಯಲಲ್ಲಿ ರಟ್ಟು, ಕಾಗದ ಎಂದು ಮಾಡಿದ್ದಕ್ಕಿಂತ ಎಷ್ಟೋ ಚೊಕ್ಕ.

"ಎಂಬತ್ತನೇ ಇಸವಿಯಲ್ಲೂ ಹೀಗೇ ಬಿದ್ದಿತ್ತು. ಆಗ ಬಳೆ ಅಲ್ಲ, ಗೇರುಬೀಜದ ಹಾಗೆ. ಪಡುಬದಿಯ ಹಂಚಿನಿಂದ" ಎಂದಳು. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣ. ಪೂರ್ಣನೆರಳು ಹಾದುಹೋದದ್ದು ಕಾರವಾರ, ಹುಬ್ಬಳ್ಳಿ, ರಾಯಚೂರಿನ ಮೇಲೆ. ನಮ್ಮಲ್ಲಿ ಪಾರ್ಶ್ವ ಮಾತ್ರ. ಹೊತ್ತು ಮಧ್ಯಾಹ್ನ ಮೂರು ದಾಟಿತ್ತು, ಅಂದರೆ ಪಡುಬದಿಯೇ ಸರಿ. ಅವತ್ತು ನನ್ನನ್ನೂ ಅದೇ ಕೋಣೆಯಲ್ಲಿ ಕೂಡಿಹಾಕಿದ್ದರು, ನಾನು ಸಿಟ್ಟಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಯಾಕೆ ಇಷ್ಟು ವರ್ಷ ಹೇಳಲಿಲ್ಲ ಎಂದೆ. "ನೀನು ಎಲ್ಲಿ ಕೇಳಿದ್ದಿ? ಊಟ ಮಾಡು ಮಾಡು ಎಂದು ಹೇಳಲಿಕ್ಕೆ ಮಾತ್ರ ಬರುವುದು."

ಡಿಸೆಂಬರ್ 27, ಶುಕ್ರವಾರ

ಪೇಪರಿನಲ್ಲಿ ಕಲಬುರಗಿಯ ಸುದ್ದಿ. ಅಂಗವಿಕಲ ಮಕ್ಕಳನ್ನು ಗ್ರಹಣದ ಹೊತ್ತು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತು ಕೂರಿಸಿದ್ದರಂತೆ, ವಾಸಿಯಾಗುತ್ತದೆಂದು. ಅಧಿಕಾರಿಗಳು ಹೋಗಿ ಬಿಡಿಸಿದ್ದಾರೆ. ಓದಿ ಸಿಟ್ಟು ಬಂತು. ಸ್ಟಾಫ್ ರೂಮಿನ ಗ್ರೂಪಿನಲ್ಲಿ ಎಲ್ಲರೂ ಆ ತಂದೆತಾಯಿಯರನ್ನು ಬೈಯುತ್ತಿದ್ದಾರೆ. ಆ ಮಕ್ಕಳಿಗೆ ವೈದ್ಯರು ಎಷ್ಟು ಸಲ ಸಿಕ್ಕಿದ್ದರು, ಸಿಕ್ಕವರು ಎಷ್ಟು ಹೊತ್ತು ಕೂತು ಮಾತಾಡಿದ್ದರು ಎಂದು ಒಬ್ಬರೂ ಕೇಳಿಲ್ಲ. ಮಣ್ಣಿಗಿಳಿಸಿದ್ದನ್ನು ಒಪ್ಪಲು ಸಾಧ್ಯವೇ ಇಲ್ಲ. ಆದರೆ ಎಲ್ಲ ಬಾಗಿಲೂ ತಟ್ಟಿ ಸೋತವರು ಎಲ್ಲಿಗೆ ಹೋಗುತ್ತಾರೆಂದು ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಜನವರಿ 25, 2020, ಶನಿವಾರ

ಪೊಸಡಿಗುಂಪೆಯಲ್ಲಿ ನಕ್ಷತ್ರ ವೀಕ್ಷಣೆ. ನಿನ್ನೆಯಷ್ಟೇ ಅಮಾವಾಸ್ಯೆ, ಆಕಾಶ ಕಪ್ಪು. ವಾಯವ್ಯದಲ್ಲಿ ಮಂಗಳೂರಿನ ಬೆಳಕು ದಿಗಂತವನ್ನು ಒಂದು ಗೇಣು ತಿಂದಿದೆ, ಇರಲಿ. ಗಾಳಿಗೆ ಹಲ್ಲು ಕಟಕಟ. ಜೀಪು ಗುಡ್ಡದ ಬುಡದವರೆಗೆ ಮಾತ್ರ, ದೂರದರ್ಶಕ ಹೊತ್ತದ್ದು ಹತ್ತನೆಯ ಹುಡುಗರು.

ಇವತ್ತು ದೂರದರ್ಶಕಕ್ಕಿಂತ ಬರಿಗಣ್ಣಿಗೇ ಕೆಲಸ. ಮಹಾವ್ಯಾಧನ ಹೆಗಲಿನ ಆರ್ದ್ರಾ ನಕ್ಷತ್ರ ಅಕ್ಟೋಬರಿನಿಂದ ಮಂಕಾಗುತ್ತಾ ಬಂದಿದೆ, ಡಿಸೆಂಬರಿನಲ್ಲಿ ಅದು ಸುದ್ದಿಯಾಯಿತು. ಆಕಾಶದ ಮೊದಲ ಹತ್ತು ನಕ್ಷತ್ರಗಳಲ್ಲಿ ಒಂದೆನಿಸಿಕೊಂಡದ್ದು ಈಗ ರೋಹಿಣಿಗಿಂತ ಸ್ಪಷ್ಟವಾಗಿ ಕಡಿಮೆ, ಇನ್ನೊಂದು ಹೆಗಲಿನ ಬೆಲ್ಲಾಟ್ರಿಕ್ಸ್‌ಗೆ ಹತ್ತಿರ ಹತ್ತಿರ ಸಮ. ಇದಕ್ಕೆ ಯಂತ್ರ ಬೇಡ. ಮೂರು ನಕ್ಷತ್ರಗಳನ್ನು ಹೋಲಿಸಿ ನೋಡಿ, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಬರೆದಿಡುವುದು. ಬದಲಾಗುವ ನಕ್ಷತ್ರಗಳನ್ನು ಲೋಕದ ಹವ್ಯಾಸಿಗಳೆಲ್ಲ ಅಳೆಯುವುದು ಹೀಗೆಯೇ. ಮಕ್ಕಳೆಲ್ಲ ಪಕ್ಕದವರ ಪುಸ್ತಕ ನೋಡದೆ ಬರೆದರು. ಪರೀಕ್ಷೆಯಲ್ಲೂ ಇಷ್ಟು ಪ್ರಾಮಾಣಿಕತೆ ಕಂಡದ್ದಿಲ್ಲ.

ಪರಿಷತ್ತಿನ ಗೆಳೆಯರು ಮಲಯಾಳದಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತರುತ್ತಿದ್ದೆ. 1962ರಲ್ಲಿ ಹುಟ್ಟಿದ ಸಂಘಟನೆ ಅದು. ಊರೂರು ಅಲೆದು ವಿಜ್ಞಾನವನ್ನು ಜನರ ಮಾತಿನಲ್ಲೇ ಹೇಳುವ ಅಭ್ಯಾಸ ಅವರಿಗೆ ಉಂಟು. ನಮ್ಮ ಕನ್ನಡದ ಮಕ್ಕಳಿಗೆ ಮಾತ್ರ ಅದು ಅರ್ಧ ತಲುಪುತ್ತದೆ, ಉಳಿದರ್ಧಕ್ಕೆ 'ಬಾಲವಿಜ್ಞಾನ'ದ ಹಳೆಯ ಸಂಚಿಕೆಗಳೇ ಗತಿ. ಬಾಯಾರಿನ ಕೃಷಿಕರೊಬ್ಬರು ಕೇಳಿದರು: "ಆರ್ದ್ರಾ ಸಿಡಿದು ಹೋದರೆ ಆರಿದ್ರಾ ಮಳೆಯ ಗತಿ?" ಎಲ್ಲರೂ ನಕ್ಕರು. ಗೆಳೆಯರು ನಗದೆ ಉತ್ತರಿಸಿದರು. ಮಳೆ ಬರುವುದು ಸೂರ್ಯ ಆ ದಿಕ್ಕಿನಲ್ಲಿರುವ ಜೂನ್ ತಿಂಗಳ ದೆಸೆಯಿಂದ, ನಕ್ಷತ್ರ ಗುರುತಿಗೆ ಮಾತ್ರ. ಅದು ಇದ್ದರೂ ಹೋದರೂ ಮುಂಗಾರಿಗೆ ಲೆಕ್ಕವಿಲ್ಲ. ಈಗ ಕಾಣುವ ಬೆಳಕು ಅಲ್ಲಿಂದ ಹೊರಟೇ ಐನೂರು ವರ್ಷದ ಮೇಲಾಗಿದೆ. ಹಾಗಾದರೆ ಯಾಕೆ ಮಂಕಾಯಿತು? "ಅರಿಯಿಲ್ಲ" ಎಂದರು. ಗೊತ್ತಿಲ್ಲ, ನೋಡುತ್ತಾ ಇದ್ದಾರೆ, ನೀವೂ ನೋಡುತ್ತಾ ಇರಿ. ಕೃಷಿಕರು ಟಾರ್ಚು ಆರಿಸಿ ಮತ್ತೊಂದು ಗಂಟೆ ಕೂತರು.

ಫೆಬ್ರವರಿ 28, ಶುಕ್ರವಾರ

ರಾಷ್ಟ್ರೀಯ ವಿಜ್ಞಾನ ದಿನ. 1928ರ ಇದೇ ದಿನ ರಾಮನ್ ಪರಿಣಾಮ ಪತ್ತೆಯಾದದ್ದು ಎಂಬ ಮಾತನ್ನು ಏಳನೆಯವನೊಬ್ಬ ಉಸಿರು ಬಿಡದೆ ಒಪ್ಪಿಸಿದ.

ಈ ಸಲ ವೇದಿಕೆ ಬೇಡವೆಂದು ಹೆಡ್ಮಾಸ್ಟ್ರನ್ನು ಒಪ್ಪಿಸಿದ್ದೆ. ಜಗಲಿಯಲ್ಲಿ ಬೆಂಚು ಹಾಕಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕರೆದಿದ್ದೆವು. ವುಹಾನಿನಿಂದ ಬಂದ ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ತಿಂಗಳ ಮೊದಲಲ್ಲಿ ಹೊಸ ವೈರಸ್ ಕಂಡಿತ್ತು, ಈಗ ವಾಸಿಯಾಗಿ ಮನೆಗೆ ಹೋಗಿದ್ದಾರೆ. ಜನರಿಗೆ ಕೇಳುವುದು ಬಹಳ ಇತ್ತು. ಡಾಕ್ಟರು ಹದಿನೈದು ನಿಮಿಷ ಹೇಳಿ ನಿಲ್ಲಿಸಿದರು. ಆಮೇಲೆ ಒಂದೂವರೆ ಗಂಟೆ ಬರೀ ಪ್ರಶ್ನೆ. ಮಲಯಾಳ, ತುಳು, ಕನ್ನಡ, ಬ್ಯಾರಿ. ಕೆಲವಕ್ಕೆ ಅವರೂ ಗೊತ್ತಿಲ್ಲ ಎಂದರು. ಡಿಸೆಂಬರಿನಲ್ಲಿ ಎದ್ದುಹೋದ ಎಣ್ಮಕಜೆಯವರು ಬಂದಿದ್ದರು, ಎರಡು ಪ್ರಶ್ನೆ ಕೇಳಿದರು, ಕೊನೆಯವರೆಗೆ ಕೂತಿದ್ದರು.

ಮುಂದಿನ ವರ್ಷಕ್ಕೆ ಪಂಚಾಯತಿಗೆ ಕೊಡುವ ಅರ್ಜಿಯಲ್ಲಿ ಹೀಗೆ ಬರೆದಿದ್ದೇನೆ: ಶಾಲು, ಹಾರ, ದೀಪಕ್ಕೆ ಹಣ ಬೇಡ. ಆ ದುಡ್ಡಿನಲ್ಲಿ ದುರ್ಬೀನು ಕೊಡಿಸಿ. ಪೊಸಡಿಗುಂಪೆಗೆ ರಾತ್ರಿ ಜೀಪು, ಪದವಿನ ನಡಿಗೆಗೆ ಸುರಂಗದ ಅಜ್ಜನಿಗೆ ಒಂದು ದಿನದ ಕೂಲಿ. ಭಾಷಣಕ್ಕೆ ಬರುವವರು ಯಾರೇ ಆಗಲಿ, ಮಾತಿಗೆ ಇಪ್ಪತ್ತು ನಿಮಿಷ, ಪ್ರಶ್ನೆಗೆ ನಲವತ್ತು, ಅದರಲ್ಲಿ ಗೇರುತೋಟದ ಪ್ರಶ್ನೆಯೂ ಸೇರಿತು. ಇದಕ್ಕೆ ಒಪ್ಪದವರನ್ನು ಕರೆಯುವುದು ಬೇಡ.