ರೂಮು ಮೊದಲೋ, ಕಡಲು ಮೊದಲೋ?

‘ದಿ ಬೀಚ್’ (2000) ಚಿತ್ರದಲ್ಲಿ ಡಿಕಾಪ್ರಿಯೊ ಓಡಾಡಿದ ಥಾಯ್ಲೆಂಡಿನ ಮಾಯಾ ಬೇ ನೋಡಲೇಬೇಕೆಂದು ಗೆಳೆಯನ ಜೊತೆ ಹೊರಟೆ. “ರೂಮು ಬುಕ್ ಮಾಡೋಣ ಕಣೋ” ಎಂದ ಅವನು. “ಮನಸ್ಸು ಬಂದಲ್ಲಿ ಇಳಿಯೋಣ. ಹೀರೋ ಎಲ್ಲಾದ್ರೂ ಬುಕ್ ಮಾಡಿ ಹೋಗ್ತಾನೇನೋ?” ಎಂದೆ ನಾನು!

2023ರ ಡಿಸೆಂಬರ್ 30, ಸಂಜೆ. ಮಾಯಾ ಬೇ ಪಕ್ಕದ ಫಿಫಿ ಡಾನ್ ದ್ವೀಪದಲ್ಲಿ ಇಳಿದೆವು. ಹನ್ನೊಂದು ಕಡೆ ಕೇಳಿದೆವು. ಎಲ್ಲೆಡೆ ‘ಫುಲ್’! ವಾಪಸು ಕ್ರಾಬಿಗೆ ಹೋಗೋಣವೆಂದರೆ ಕೊನೆಯ ಲಾಂಚೂ ಹೋಗಿತ್ತು. ಮರಳ ಮೇಲೆ ಬ್ಯಾಗು ತಲೆಗಿಟ್ಟು, ಸೊಳ್ಳೆ ಹೊಡೆಯುತ್ತಾ ಬೆಳಗು ಮಾಡಿದೆವು. ಗೆಳೆಯ ತುಟಿ ಬಿಚ್ಚಲಿಲ್ಲ. ಬೈದಿದ್ದರೇ ವಾಸಿಯಿತ್ತು! ಮರುದಿನ ಮಾಯಾ ಬೇ ಎದುರಿಗಿದ್ದರೂ ನನಗೆ ಬರೀ ತೂಕಡಿಕೆ.

ಹಾಗಂತ ಎಲ್ಲ ದಿನಕ್ಕೂ ಮುಂಗಡ ಕಟ್ಟಬೇಡಿ. ಆ ಕರಾವಳಿಗೆ ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಕಡಲು ಕೆರಳಿದರೆ ಲಾಂಚ್ ನಿಲ್ಲುತ್ತೆ, ಕಟ್ಟಿದ ಹಣ ನೀರುಪಾಲು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಾಯಾ ಬೇಗೇ ಬೀಗ!

ನನ್ನ ಲೆಕ್ಕ ಇಷ್ಟೇ. ಮೊದಲ ರಾತ್ರಿಗೆ ಬುಕ್ ಮಾಡಿ; 2025ರ ಮೇ 1ರಿಂದ ಆ ದೇಶಕ್ಕೆ ಹೋಗುವ ಮುಂಚೆ ತುಂಬುವ ಆನ್‌ಲೈನ್ ಅರ್ಜಿಯಲ್ಲಿ ತಂಗುವ ವಿಳಾಸ ಕೇಳ್ತಾರೆ. ವಾಪಸು ವಿಮಾನದ ಹಿಂದಿನ ರಾತ್ರಿಗೂ ಮಾಡಿ. ನಡುವಿನ ದಿನಗಳನ್ನು ಕಾಲಿಗೆ ಬಿಡಿ. ಆದರೆ ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ, ಏಪ್ರಿಲ್ ನಡುವಿನ ಸೋಂಗ್‌ಕ್ರಾನ್ ಹಬ್ಬಕ್ಕೆ ಮಾತ್ರ ಎಲ್ಲವೂ ಮೊದಲೇ. ಮೊದಲ ದಿನ ಮೊದಲ ಆಟಕ್ಕೆ ಗೇಟಿನಲ್ಲಿ ಟಿಕೆಟ್ ಸಿಗುತ್ತಾ ಗುರೂ?

ಗೆಳೆಯ ಈಗಲೂ ನನ್ನ ಜೊತೆ ಬರ್ತಾನೆ. ರೂಮು ಮಾತ್ರ ಅವನೇ ನೋಡ್ತಾನೆ!