ಪಡಸಾಲೆಯ ಬೆಳ್ಳಿತೆರೆ

ಕಲಬುರಗಿಯಲ್ಲಿ ಬೆಳಕಿಗೆ ಬರವಿಲ್ಲ. ಚೈತ್ರ ಕಾಲಿಟ್ಟಿತೆಂದರೆ ಬೆಳಗಿನ ಎಂಟು ಗಂಟೆಗೇ ಬಿಸಿಲು ಅಂಗಳವನ್ನೆಲ್ಲ ಆಕ್ರಮಿಸುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಇಲ್ಲಿ ವಿಶೇಷವೇನಲ್ಲ. ಇಂಥ ಊರಿನ ಜೇವರ್ಗಿ ಕಾಲೋನಿಯ ಮನೆಯೊಂದರಲ್ಲಿ ನಿವೃತ್ತ ಗುಮಾಸ್ತರೊಬ್ಬರು ಕೈಯಲ್ಲಿ ಇಪ್ಪತ್ತು ಸಾವಿರ ರೂಪಾಯಿ ಹಿಡಿದುಕೊಂಡು ಬೆಳಕಿನ ಯಂತ್ರವೊಂದನ್ನು ಕೊಳ್ಳಲು ಹೊರಟು, ಕೊನೆಗೆ ಕತ್ತಲೆಗಾಗಿ ಪರದಾಡಬೇಕಾಯಿತು. ಮನೆಯ ಮಕ್ಕಳೆಲ್ಲ ಅವರನ್ನು ‘ಮುತ್ಯಾ’ ಎಂದು ಕರೆಯುತ್ತಿದ್ದುದರಿಂದ ಓಣಿಯವರಿಗೂ ಅವರು ಮುತ್ಯಾನೇ ಆಗಿದ್ದರು.

ಆ ಹಣ ಪಿಂಚಣಿಯ ಬಾಕಿಯಿಂದ ಬಂದದ್ದು. ಅದನ್ನು ಯಾವುದಕ್ಕೆ ವೆಚ್ಚ ಮಾಡಬೇಕೆಂಬುದನ್ನು ನಿರ್ಧರಿಸಿದವರು ಮುತ್ಯಾನ ಮಡದಿ, ಮಕ್ಕಳ ಪಾಲಿನ ಆಯಿ. ಎಂಬತ್ತರ ಅಂಚಿನಲ್ಲಿರುವ ಆಯಿಗೆ ಎರಡು ವರ್ಷಗಳಿಂದ ಮೊಣಕಾಲು ನಡೆಯಗೊಡುತ್ತಿರಲಿಲ್ಲ. ಗುಡಿ, ಜಾತ್ರೆ, ಮದುವೆ ಎಲ್ಲವೂ ನಿಂತು, ಪಡಸಾಲೆಯ ಮಂಚವೇ ಅವರ ಜಗತ್ತಾಗಿತ್ತು. ಎರಡೂ ಕಣ್ಣುಗಳ ಪೊರೆ ತೆಗೆಸಿದ್ದರೂ ಮೂಲೆಯ ಹಳೆಯ ಟಿ.ವಿ.ಯಲ್ಲಿ ಅವರಿಗೆ ಮುಖಗಳು ಮಾತ್ರ ಕಾಣುತ್ತಿದ್ದವು, ಮುಖದ ಭಾವಗಳು ಕಾಣುತ್ತಿರಲಿಲ್ಲ. ಒಂದು ದಿನ ಅವರು, “ನಮ್ಮ ಕಮಲಾಪುರದಾಗ ಡೇರೆ ಹಾಕಿ ಸಿನಿಮಾ ತೋರಸ್ತಿದ್ರು. ಮನಷ್ಯಾ ಮನಷ್ಯಾನಷ್ಟೇ ಕಾಣತಿದ್ದ” ಎಂದರು. ಕೆಂಪು ಬಾಳೆಹಣ್ಣಿಗೆ ಹೆಸರಾದ ಆ ಊರು ಅವರ ತವರು. ಗುಲ್ಬರ್ಗಾ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಕನ್ನಡ ನಾಡನ್ನು ಸೇರಿದ ಮರುವರ್ಷ, ಎಂದರೆ 1957ರಲ್ಲಿ, ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವರು ಆ ಡೇರೆಯಲ್ಲಿ ‘ಬೇಡರ ಕಣ್ಣಪ್ಪ’ನನ್ನು ಕಂಡಿದ್ದರು. ಮಾತು ಅಷ್ಟೇ, ಕೇಳಿಕೆ ಏನೂ ಇರಲಿಲ್ಲ. ಆದರೆ ಐವತ್ತು ವರ್ಷಗಳಿಗೂ ಮಿಕ್ಕ ದಾಂಪತ್ಯದಲ್ಲಿ ಕೇಳದ ಮಾತೂ ಕೇಳಿಸುತ್ತದೆ.

ದೊಡ್ಡ ಟಿ.ವಿ.ಯೊಂದನ್ನು ತಂದರಾಗದೆ ಎಂದು ಬೆಂಗಳೂರಿನಿಂದ ಮಗ ಫೋನಿನಲ್ಲಿ ವಾದಿಸಿದ. ಅವನ ಮಾತು ಅನ್ಯಾಯದ್ದಲ್ಲ, ಟಿ.ವಿ. ಹಗಲಿನಲ್ಲೂ ಬೆಳಗುತ್ತದೆ, ಕತ್ತಲೆಯನ್ನು ಕೇಳುವುದಿಲ್ಲ. ಆದರೆ ಕೈಯಲ್ಲಿದ್ದ ಹಣಕ್ಕೆ ಸಿಗುತ್ತಿದ್ದ 43 ಇಂಚಿನ ಟಿ.ವಿ.ಯ ಅಗಲ ಮೂರು ಅಡಿಗಿಂತ ತುಸು ಹೆಚ್ಚು, ಅಷ್ಟೆ. ಅದರಲ್ಲಿ ಮನುಷ್ಯ ಮನುಷ್ಯನಷ್ಟು ಕಾಣುವುದು ಆಗದ ಮಾತು. 2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರುಗಳ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದಿದೆ ಎಂಬ ಸುದ್ದಿಯೂ ಮುತ್ಯಾನ ಉತ್ಸಾಹಕ್ಕೆ ಇಂಬಾಯಿತು. ಒಂಬತ್ತನೆಯ ತರಗತಿಯ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಅವರು ಪೇಟೆಗೆ ನಡೆದರು.

ಮೊದಲ ಅಂಗಡಿಯ ಒಳಗಿನ ಕೋಣೆ ಗವಿಯಂತಿತ್ತು. ಅಲ್ಲಿ ಒಂಬತ್ತು ಸಾವಿರ ರೂಪಾಯಿಯ ಪುಟ್ಟ ಯಂತ್ರವೊಂದು ಗೋಡೆಯ ಮೇಲೆ ನವಿಲುಗಳನ್ನೂ ಜಲಪಾತಗಳನ್ನೂ ಕುಣಿಸುತ್ತಿತ್ತು. ಪೆಟ್ಟಿಗೆಯ ಮೇಲೆ ‘12,000 ಲುಮೆನ್, 4ಕೆ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಲುಮೆನ್ ಎಂಬುದು ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ. ಚಿತ್ರಮಂದಿರದ ಬಿಳಿಯ ತೆರೆಗೆ ಚದರ ಅಡಿಗೆ ಸುಮಾರು 14 ಲುಮೆನ್ ಬೆಳಕು ಬಿದ್ದರೆ ಚಿತ್ರ ಸೊಗಸಾಗಿ ಕಾಣುತ್ತದೆ. ಇದನ್ನು ಮೊದಲೇ ಓದಿಕೊಂಡಿದ್ದ ಮೊಮ್ಮಗಳು ಅಂಗಡಿಯ ಚೀಟಿಯ ಹಿಂಬದಿಯಲ್ಲಿ ಭಾಗಾಕಾರ ಮಾಡಿದಳು.

“ಮುತ್ಯಾ, ಇದರ ಮಾತು ಖರೇ ಇದ್ರ 39 ಅಡಿ ಅಗಲದ ಪರದೆ ಬೆಳಗಬೇಕು. ನಮ್ಮ ಮನಿ ಅಗಲನೇ 30 ಅಡಿ ಅದ.”

ಅಂಗಡಿಯವ ನಕ್ಕ, ಮುತ್ಯಾನೂ ನಕ್ಕರು, ಆದರೆ ಹಣದ ಚೀಲದ ಗಂಟು ಬಿಚ್ಚಲಿಲ್ಲ. ಇಂಥ ಅಂಕಿಗಳು ಹುಟ್ಟುವುದು ಹೇಗೆಂದರೆ, ಕೆಲವರು ಯಂತ್ರದೊಳಗಿನ ದೀಪ ಎಷ್ಟು ಬೆಳಕು ಕೊಡುತ್ತದೆ ಎಂದಷ್ಟೇ ಲೆಕ್ಕ ಹಾಕುತ್ತಾರೆ. ಇನ್ನು ಕೆಲವರು ಆ ಲೆಕ್ಕವನ್ನೂ ಹಾಕುವುದಿಲ್ಲ. ಮಸೂರ, ಗಾಜು, ಬಣ್ಣದ ಸೋಸುಕಗಳನ್ನೆಲ್ಲ ದಾಟಿ ತೆರೆಗೆ ತಲಪುವ ಬೆಳಕು ಅದರ ಒಂದು ಸಣ್ಣ ಪಾಲು. ಅಮೆರಿಕದ ಮಾನಕ ಸಂಸ್ಥೆ 1992ರಲ್ಲಿ ಇದಕ್ಕೊಂದು ಕ್ರಮವನ್ನು ಗೊತ್ತುಪಡಿಸಿತು: ತೆರೆಯನ್ನು ಒಂಬತ್ತು ಸಮಭಾಗ ಮಾಡಿ, ಪ್ರತಿ ಭಾಗದ ನಡುವೆ ಬೀಳುವ ಬೆಳಕನ್ನಳೆದು ಸರಾಸರಿ ತೆಗೆಯಬೇಕು. ಹಾಗೆ ಅಳೆದದ್ದೇ ‘ಎ.ಎನ್.ಎಸ್.ಐ. ಲುಮೆನ್’. ಆ ನಾಲ್ಕು ಅಕ್ಷರಗಳಿಲ್ಲದ ಲುಮೆನ್, ತೂಕದ ಕಲ್ಲಿಲ್ಲದ ತಕ್ಕಡಿ. ‘4ಕೆ’ ಎಂಬುದರ ಗುಟ್ಟೂ ಇಂಥದ್ದೇ. ಆ ದರ್ಜೆಯ ಚಿತ್ರವನ್ನು ಯಂತ್ರ ಒಳಕ್ಕೆ ತೆಗೆದುಕೊಳ್ಳಬಲ್ಲುದೇ ಹೊರತು, ಹೊರಕ್ಕೆ ಬಿಡುವಾಗ ತನ್ನಲ್ಲಿರುವಷ್ಟೇ ಚುಕ್ಕೆಗಳಲ್ಲಿ ಅದನ್ನು ಕುಗ್ಗಿಸಿ ಬಿಡುತ್ತದೆ. ನವಿಲಿನ ಗರಿಯಲ್ಲಿ ಇದು ತಿಳಿಯದು. ಮೊಮ್ಮಗಳು ಸಣ್ಣ ಅಕ್ಷರಗಳ ಪುಟವೊಂದನ್ನು ತೋರಿಸಲು ಕೇಳಿದಾಗ ನಡುವಿನ ಸಾಲುಗಳು ಓದುವಂತಿದ್ದು, ಅಂಚಿನ ಸಾಲುಗಳು ನೀರಿನಲ್ಲಿ ನೆನೆದಂತೆ ಕದಡಿದ್ದವು.

ಮೂರು ಅಂಗಡಿ ಸುತ್ತಿದ ಮೇಲೆ ಹದಿನಾಲ್ಕು ಸಾವಿರಕ್ಕೆ ಒಂದು ಯಂತ್ರ ಸಿಕ್ಕಿತು. ಅದರ ಪೆಟ್ಟಿಗೆಯ ಮೇಲೆ ವಿನಯದಿಂದ ‘300 ಎ.ಎನ್.ಎಸ್.ಐ.’ ಎಂದಿತ್ತು. 300ನ್ನು 14ರಿಂದ ಭಾಗಿಸಿದರೆ 21 ಚದರ ಅಡಿಗೆ ಮಿಗಿಲು. ಎಂದರೆ ಆರು ಅಡಿ ಅಗಲದ ಚಿತ್ರ. ಅಗಲವನ್ನು ಇಮ್ಮಡಿಸಿದರೆ ಅಷ್ಟೇ ಬೆಳಕು ನಾಲ್ಮಡಿ ಜಾಗಕ್ಕೆ ಹಂಚಿಹೋಗಿ ಚಿತ್ರ ನಾಲ್ಕನೆಯ ಒಂದು ಪಾಲಿಗೆ ಮಂಕಾಗುತ್ತದೆ. ಮಾಳಿಗೆಯ ಮೇಲೆ ಹನ್ನೆರಡು ಅಡಿಯ ಕ್ರಿಕೆಟ್ ನೋಡಬೇಕೆಂದಿದ್ದ ಮೊಮ್ಮಗನಿಗೆ ಈ ಗಣಿತ ರುಚಿಸಲಿಲ್ಲ. ಆಯಿ ಮಾಳಿಗೆಯ ಮೆಟ್ಟಿಲು ಹತ್ತಲಾರರೆಂಬ ಕಾರಣ ಅವನನ್ನು ಸುಮ್ಮನಾಗಿಸಿತು. ದೀಪ ಎಲ್.ಇ.ಡಿ. ಜಾತಿಯದು; ಅದಕ್ಕೆ ಇಪ್ಪತ್ತು ಸಾವಿರ ತಾಸುಗಳ ಆಯುಸ್ಸೆಂದು ಬರೆದಿತ್ತು. ದಿನಕ್ಕೆರಡು ತಾಸಿನಂತೆ ಇಪ್ಪತ್ತೇಳು ವರ್ಷವಾಗುತ್ತದೆಂದು ಲೆಕ್ಕ ಹೇಳಿದಾಗ ಮುತ್ಯಾ, “ನನಗ ಸಾಕಷ್ಟಾತು” ಎಂದರು.

ಯಂತ್ರ ಮನೆಗೆ ಬಂದ ಮಧ್ಯಾಹ್ನ ನಡೆದದ್ದು ಅಪಮಾನವೇ. ಕಿಟಕಿಗಳನ್ನು ಮುಚ್ಚಿ ಗುಂಡಿ ಒತ್ತಿದರೆ ಗೋಡೆಯ ಮೇಲೆ ಹೊಗೆಯಂಥ ಏನೋ ಒಂದು ಅಲುಗಾಡಿತು. ಯಂತ್ರ ಕೆಟ್ಟಿದೆಯೆಂದು ಮುತ್ಯಾ ಅಂಗಡಿಗೆ ಹೊರಡಲು ರುಮಾಲು ಸುತ್ತತೊಡಗಿದರು. ಯಂತ್ರ ಕೆಟ್ಟಿರಲಿಲ್ಲ. ಪ್ರೊಜೆಕ್ಟರ್ ಬಿಳಿಯನ್ನು ಚೆಲ್ಲಬಲ್ಲದು, ಕೆಂಪು-ಹಸಿರು-ನೀಲಿಗಳನ್ನು ಚೆಲ್ಲಬಲ್ಲದು; ಕಪ್ಪನ್ನು ಚೆಲ್ಲುವ ದೀಪ ಲೋಕದಲ್ಲಿಲ್ಲ. ಚಿತ್ರದ ಕಪ್ಪೆಂದರೆ ಬೆಳಕು ಬೀಳದೆ ಉಳಿದ ಗೋಡೆ. ಆ ಗೋಡೆಯೇ ಹಗಲಿನಿಂದ ಬೆಳಗುತ್ತಿದ್ದರೆ ಕಪ್ಪೆಲ್ಲಿಂದ ಬರಬೇಕು? ತೊಗಲುಗೊಂಬೆಯವರು ಇರುಳಿಗಾಗಿ ಕಾಯುತ್ತಿದ್ದುದು, 1659ರ ಸುಮಾರಿಗೆ ಡಚ್ ವಿಜ್ಞಾನಿ ಹ್ಯೂಗೆನ್ಸ್ ಮಾಡಿದ ಮಾಯಾದೀಪ ಕತ್ತಲ ಕೋಣೆಯನ್ನು ಬಯಸಿದ್ದು ಇದಕ್ಕಾಗಿಯೇ. ಅಂಗಡಿಯವ ಯಂತ್ರವನ್ನು ಮಾರಿದ್ದ. ಆ ಗವಿಯಂಥ ಕೋಣೆಯನ್ನು ಮಾತ್ರ ಕಟ್ಟಿಕೊಟ್ಟಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಕತ್ತಲೆಯ ಬೇಟೆ ಆರಂಭವಾಯಿತು. ಬಾಗಿಲ ಮೇಲಿನ ಗಾಜಿಗೆ ರಟ್ಟು ಬಂತು. ಬೀದಿದೀಪದ ಬೆಳಕು ನುಸುಳುತ್ತಿದ್ದ ಬೆಳಕಿಂಡಿಗೆ ಹಳೆಯ ಕಂಬಳಿಯ ತುಂಡು ಸೇರಿತು. ತೆರೆಯಾಗಿ ಕಟ್ಟಿದ್ದ ಬಿಳಿಯ ಚಾದರವನ್ನು ಕಿಟಕಿಯ ಕೂಲರಿನ ಗಾಳಿ ಹಾಯಿಯಂತೆ ಉಬ್ಬಿಸಿ, ಚಿತ್ರದ ಮನುಷ್ಯರೆಲ್ಲ ಗರ್ಭಿಣಿಯರಂತೆ ಕಂಡರು. ಕೂಲರ್ ಆರಿಸಿದರೆ ಆಯಿಗೆ ಸೆಕೆ. ಆದ್ದರಿಂದ ಚಾದರವನ್ನೇ ಬಿಟ್ಟು, ಗೋಡೆಯ ಏಳು ಅಡಿ ಜಾಗಕ್ಕೆ ಹೊಳಪಿಲ್ಲದ ಬಿಳಿ ಬಣ್ಣ ಬಳಿಸಿದರು. ನೆಲ ಮಾತ್ರ ಪುಣ್ಯಕ್ಕೆ ಶಹಾಬಾದಿನ ಬೂದುಗಲ್ಲು. ಬಿದ್ದ ಬೆಳಕನ್ನು ನುಂಗಿಕೊಂಡು ಸುಮ್ಮನಿರುತ್ತಿತ್ತು. ಯಂತ್ರವನ್ನು ಓರೆಯಾಗಿಟ್ಟು ಗುಂಡಿಯಿಂದ ಚಿತ್ರವನ್ನು ನೆಟ್ಟಗೆ ಮಾಡಬಹುದಾದರೂ ಹಾಗೆ ಮಾಡಿದರೆ ಚುಕ್ಕೆಗಳು ನಷ್ಟವಾಗುತ್ತವೆಂದು, ಗೋಡೆಯಿಂದ ಏಳೂವರೆ ಅಡಿಗೆ, ಆಯಿಯ ಮಂಚದ ಪಕ್ಕದಲ್ಲೇ ಒಂದು ಸ್ಟೂಲನ್ನು ನೇರವಾಗಿ ನಿಲ್ಲಿಸಿದರು. ಹೊತ್ತೂ ಗೊತ್ತಾಯಿತು: ರಾತ್ರಿ ಎಂಟೂವರೆಯ ನಂತರ. 40 ಡಿಗ್ರಿಯ ಮೇಲೆ ನಡೆಸಬಾರದೆಂದು ಕೈಪಿಡಿಯಲ್ಲಿದ್ದುದರಿಂದ ಯಂತ್ರಕ್ಕೂ ಅದೇ ಹಿತ.

ಉಳಿದದ್ದು ದೇವರ ಜಗಲಿಯ ನಂದಾದೀಪ. ಅದನ್ನು ಮರೆಮಾಡಬೇಕೆಂದು ಮೊಮ್ಮಗ ಎದ್ದ. ಆಯಿ ಏನೂ ಹೇಳಲಿಲ್ಲ. ಅವನತ್ತ ನೋಡಿದರು, ಅಷ್ಟೆ. ಮೊಮ್ಮಗಳು ಮತ್ತೆ ಚೀಟಿ ತೆಗೆದಳು. ಮೇಣದಬತ್ತಿಯಷ್ಟು ಪ್ರಖರವಾದ ದೀಪ ಹತ್ತು ಅಡಿ ದೂರದ ಗೋಡೆಗೆ ಕೊಡುವುದು ಚದರ ಅಡಿಗೆ ಲುಮೆನ್ನಿನ ನೂರನೆಯ ಒಂದು ಪಾಲು. ಚಿತ್ರದ ಬಿಳಿಯಾದರೋ ಹದಿನಾಲ್ಕು. “ದೀಪದ್ದೇನೂ ತಪ್ಪಿಲ್ಲ, ಇರಲಿ” ಎಂದಳು.

‘ಬೇಡರ ಕಣ್ಣಪ್ಪ’ವನ್ನೇ ಹಚ್ಚಿದರು. 1954ರ ಕಪ್ಪು-ಬಿಳುಪಿನ ಚಿತ್ರ. ರಾಜಕುಮಾರರು ನಾಯಕರಾಗಿ ಅಭಿನಯಿಸಿದ ಮೊದಲನೆಯದು. ಅಂದಿನ ಚಿತ್ರಗಳ ಚೌಕಟ್ಟು ಈಗಿನಷ್ಟು ಅಗಲವಲ್ಲ. ಆದ್ದರಿಂದ ಎರಡು ಬದಿಗೂ ಪಟ್ಟಿಗಳು ಉಳಿದವು. ಅವು ಕಪ್ಪಾಗಿರಬೇಕಿತ್ತು, ಬೂದಿ ಬಣ್ಣದಲ್ಲಿ ಮಸುಕಾಗಿ ಹೊಳೆಯುತ್ತಿದ್ದವು. ಅಗ್ಗದ ಯಂತ್ರ ತನ್ನ ಬೆಳಕನ್ನು ತಾನೇ ಪೂರ್ತಿ ತಡೆಯಲಾರದು. ಅದಕ್ಕೆ ಕಂಬಳಿಯಿಂದ ಪರಿಹಾರವಿಲ್ಲ. ಮುತ್ಯಾ ಮಾತ್ರ ಆ ಪಟ್ಟಿಗಳನ್ನೇ ನೋಡುತ್ತ ಕುಳಿತರು. ಆಯಿ ಅವನ್ನು ನೋಡಲೇ ಇಲ್ಲ. ಅವರು ಮಂಚದಲ್ಲಿ ತುಸು ಮುಂದಕ್ಕೆ ಬಾಗಿ, ಕನ್ನಡಕವನ್ನು ಸರಿಪಡಿಸಿಕೊಂಡು, ಬೇಡನ ಮುಖವನ್ನು ನೋಡುತ್ತಿದ್ದರು.

ಮುಕ್ಕಾಲು ತಾಸು ಕಳೆದಿರಬೇಕು, ಕರೆಂಟು ಹೋಯಿತು. ಕೂಲರ್ ನಿಂತಿತು, ಯಂತ್ರದ ಬೀಸಣಿಗೆ ನಿಂತಿತು. ಅಷ್ಟು ದಿನ ಬೇಟೆಯಾಡಿದ ಕತ್ತಲೆ ಒಮ್ಮೆಗೇ ಮನೆಯನ್ನೆಲ್ಲ ತುಂಬಿ, ಜಗಲಿಯ ದೀಪವೊಂದೇ ಉಳಿಯಿತು. ಮೊಮ್ಮಗ ಬಾಗಿಲು ತೆರೆಯಲು ಏಳುವಷ್ಟರಲ್ಲಿ ಮಂಚದಿಂದ ಆಯಿಯ ದನಿ ಕೇಳಿತು.

“ಡೇರೆದಾಗೂ ರೀಲು ಬದಲಿ ಮಾಡೋ ಮುಂದ ಹಿಂಗೇ ನಿಲ್ಲತಿತ್ತು. ಯಾರೂ ಎದ್ದು ಹೋಗಬ್ಯಾಡ್ರಿ.”